ಒಂದೇ ಮೊತ್ತಕ್ಕೆ 3500 ಗ್ರಾಫ್ಟ್ ಅಥವಾ 2200 ಗ್ರಾಫ್ಟ್: ಕೂದಲು ಕಸಿಯಲ್ಲಿ ಸಂಖ್ಯೆ ನೋಡಬೇಕೇ, ಹಂಚಿಕೆ ನೋಡಬೇಕೇ?

ಬಿಜೈಯವನು ಬರೆದರು:

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ, ಮಂಗಳೂರಿನ ಬಿಜೈಯಲ್ಲಿ ವಾಸ. ಕಳೆದ ಆರೇಳು ವರ್ಷಗಳಲ್ಲಿ ಹಣೆಯ ಎರಡೂ ಮೂಲೆಗಳು ಹಿಂದೆ ಸರಿದಿವೆ, ನೆತ್ತಿಯ ಸುಳಿಯ ಸುತ್ತ ಬೋಳು ಕಾಣಿಸಿಕೊಂಡಿದೆ, ಇವೆರಡರ ನಡುವೆ ಒಂದು ಪಟ್ಟಿಯಷ್ಟು ಕೂದಲು ಮಾತ್ರ ಉಳಿದಿದೆ. ಗಂಡಸರ ಬೋಳನ್ನು ಏಳು ಹಂತಗಳಾಗಿ ವಿಂಗಡಿಸುವ ನಾರ್ವುಡ್ ವರ್ಗೀಕರಣದಲ್ಲಿ ಇದು ನಾಲ್ಕನೆಯ ಹಂತವೆಂದು ವೈದ್ಯರು ಹೇಳಿದರು.

ಕೂದಲು ಕಸಿಗಾಗಿ ಎರಡು ಕಡೆ ವಿಚಾರಿಸಿದ್ದೇನೆ. ಮೊದಲನೆಯವರು ಮುಂದಲೆ ಮತ್ತು ನೆತ್ತಿ ಎರಡಕ್ಕೂ ಸೇರಿ ಒಂದೇ ದಿನದಲ್ಲಿ 3500 ಗ್ರಾಫ್ಟ್ ಹಾಕಿಕೊಡುವುದಾಗಿ ಹೇಳಿದ್ದಾರೆ. ಎರಡನೆಯವರು ಮುಂದಲೆಗೆ 2200 ಸಾಕು, ನೆತ್ತಿಯನ್ನು ಸದ್ಯಕ್ಕೆ ಮುಟ್ಟುವುದೇ ಬೇಡ ಎನ್ನುತ್ತಾರೆ. ಮೊತ್ತ ಹೆಚ್ಚುಕಡಿಮೆ ಒಂದೇ. ಅಮ್ಮನ ವಾದವೇನೆಂದರೆ, ಅದೇ ದುಡ್ಡಿಗೆ ಹತ್ತು ಬಂಗುಡೆ ಕೊಡುವವಳನ್ನು ಬಿಟ್ಟು ಆರು ಕೊಡುವವಳಲ್ಲಿಗೆ ಯಾರಾದರೂ ಹೋಗುತ್ತಾರೆಯೇ? ನನಗೆ ಉತ್ತರ ಹೊಳೆಯಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಕಡಲತಡಿ ಬರೆದರು:

ಬಂಗುಡೆಯ ಲೆಕ್ಕಕ್ಕೂ ಒಂದು ಉತ್ತರವಿದೆ: ಮೀನಿನ ಗಾತ್ರ ನೋಡದೆ ಅಮ್ಮನೂ ಕೊಳ್ಳುವುದಿಲ್ಲವಲ್ಲ. ಒಂದು ಗ್ರಾಫ್ಟ್ ಎಂದರೆ ಒಂದು ಕೂದಲಲ್ಲ. ತಲೆಯ ಚರ್ಮದ ಒಂದೇ ರಂಧ್ರದಿಂದ ಒಟ್ಟಾಗಿ ಹೊರಬರುವ, ಒಂದರಿಂದ ನಾಲ್ಕು ಕೂದಲುಗಳಿರುವ ಸಹಜ ಗುಂಪು. ಅದನ್ನು ಹಿಂತಲೆಯಿಂದ ಕಿತ್ತು ಬೋಳಾದಲ್ಲಿ ನೆಡುತ್ತಾರೆ. ಮೂರು ಕೂದಲಿನ ಒಂದು ಗುಂಪನ್ನು ಸೀಳಿ ಮೂರು ಗ್ರಾಫ್ಟ್ ಎಂದು ಎಣಿಸಿದರೆ ಸಂಖ್ಯೆ ಮೂರು ಪಟ್ಟಾಗುತ್ತದೆ, ತಲೆಯ ಮೇಲೆ ಕೂದಲು ಮಾತ್ರ ಅಷ್ಟೇ ಇರುತ್ತದೆ. ಗ್ರಾಫ್ಟಿಗೆ ಇಷ್ಟು ಎಂದು ದರ ಹಾಕುವಲ್ಲಿ ಈ ಆಸೆ ಹುಟ್ಟುವುದು ಸಹಜ. ಇನ್ನು ಕೆಲವರು ‘ಇಷ್ಟು ಸಾವಿರ ಕೂದಲು’ ಎಂದು ಹೇಳುತ್ತಾರೆ, ಕೇಳುವವರು ಅದನ್ನು ಗ್ರಾಫ್ಟ್ ಎಂದೇ ತಿಳಿದುಕೊಳ್ಳುತ್ತಾರೆ. ಹೀಗಾಗಿ ತಮ್ಮ 3500 ಯಾವುದರ ಎಣಿಕೆ ಎಂಬುದನ್ನು ಮೊದಲು ಬರವಣಿಗೆಯಲ್ಲಿ ಪಡೆಯಿರಿ.

ಎರಡನೆಯದಾಗಿ, ವಿಸ್ತೀರ್ಣ ತಿಳಿಯದೆ ಗ್ರಾಫ್ಟಿನ ಸಂಖ್ಯೆಗೆ ಅರ್ಥವೇ ಇಲ್ಲ. ಎಷ್ಟು ಎಕರೆ ಎಂದು ಹೇಳದೆ ಇಷ್ಟು ಅಡಿಕೆ ಸಸಿ ನೆಟ್ಟೆ ಎಂದರೆ ತೋಟ ದಟ್ಟವೋ ವಿರಳವೋ ಯಾರಿಗೆ ತಿಳಿದೀತು? ಮನೆಯಲ್ಲೇ ಅಳೆಯಬಹುದು. ಪುಸ್ತಕಕ್ಕೆ ಹೊದಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತಲೆಗೆ ಒತ್ತಿ ಹಿಡಿದು, ಬೋಳಾದ ಭಾಗದ ಅಂಚನ್ನು ಸ್ಕೆಚ್ ಪೆನ್ನಿನಿಂದ ಯಾರಾದರೂ ಗುರುತಿಸಲಿ. ಮುಂದಲೆಗೊಂದು, ನೆತ್ತಿಗೊಂದು ಹಾಳೆ. ಆಮೇಲೆ ಅದನ್ನು ಗ್ರಾಫ್ ಕಾಗದದ ಮೇಲಿಟ್ಟು ಸೆಂಟಿಮೀಟರ್ ಚೌಕಗಳನ್ನು ಎಣಿಸಿದರಾಯಿತು. ಆ ಅಂಕಿಗಳನ್ನು ಇಲ್ಲಿ ಬರೆಯಿರಿ, ಮುಂದೆ ಮಾತಾಡೋಣ.

ಚರ್ಮವಿಭಾಗ ಬರೆದರು:

ನಾನು ಮಣಿಪಾಲದಲ್ಲಿ ಚರ್ಮರೋಗ ವಿಷಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದೇನೆ. ಅಳತೆ ಬರುವವರೆಗೆ ಒಂದೆರಡು ಮೂಲ ಸಂಗತಿಗಳನ್ನು ತಿಳಿಸುತ್ತೇನೆ.

ಕೂದಲು ಉದುರದ ತಲೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸಾಮಾನ್ಯವಾಗಿ 65ರಿಂದ 85ರಷ್ಟು ಗುಂಪುಗಳಿರುತ್ತವೆ. ಗುಂಪಿಗೆ ಸರಾಸರಿ ಎರಡು ಕೂದಲು ಹಿಡಿದರೂ 130ಕ್ಕಿಂತ ಕಡಿಮೆಯಾಗದು. ಆದರೆ ಅದರಲ್ಲಿ ಸುಮಾರು ಅರ್ಧದಷ್ಟು ಹೋಗುವವರೆಗೆ ನೋಡುವವರ ಕಣ್ಣಿಗೆ ತಲೆ ತೆಳುವಾಗಿದೆ ಎಂದೇ ಅನಿಸುವುದಿಲ್ಲ. ಕಸಿ ಶಸ್ತ್ರಚಿಕಿತ್ಸೆ ನಿಂತಿರುವುದು ಕಣ್ಣಿನ ಈ ಔದಾರ್ಯದ ಮೇಲೆಯೇ. ಮೂಲ ದಟ್ಟಣೆಯನ್ನು ಮರಳಿ ತರಲು ಯಾರೂ ಯತ್ನಿಸುವುದಿಲ್ಲ. ಚದರ ಸೆಂಟಿಮೀಟರಿಗೆ 30ರಿಂದ 45 ಗುಂಪುಗಳವರೆಗೆ, ಅಂದರೆ ಅರ್ಧದ ಆಸುಪಾಸಿನಲ್ಲಿ ನೆಟ್ಟು, ಪೂರ್ತಿ ಇರುವ ಭಾವನೆಯನ್ನು ಹುಟ್ಟಿಸುತ್ತಾರೆ.

ಕೂದಲಿನ ದಪ್ಪವೂ ದಟ್ಟಣೆಯಷ್ಟೇ ಮುಖ್ಯ, ಇದನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. 60 ಮೈಕ್ರಾನ್ ದಪ್ಪದ ಕೂದಲಿಗೂ 80 ಮೈಕ್ರಾನ್ ದಪ್ಪದ ಕೂದಲಿಗೂ ಅಡ್ಡಳತೆಯಲ್ಲಿ ವ್ಯತ್ಯಾಸ ಮೂರನೆಯ ಒಂದು ಭಾಗ ಮಾತ್ರ. ಆದರೆ ತಲೆಯನ್ನು ಮುಚ್ಚುವ ಗಾತ್ರ ಅಡ್ಡಳತೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ ಎರಡನೆಯದರಲ್ಲಿ ಗಾತ್ರ ಶೇ. 78ರಷ್ಟು ಹೆಚ್ಚು. ಆದ್ದರಿಂದಲೇ ಇಬ್ಬರಿಗೆ ಒಂದೇ ಸಂಖ್ಯೆಯ ಗ್ರಾಫ್ಟ್ ಹಾಕಿದರೂ ಒಬ್ಬರದು ತುಂಬಿದಂತೆ, ಇನ್ನೊಬ್ಬರದು ಬಸಿದಂತೆ ಕಾಣುತ್ತದೆ. ಗುಂಗುರು ಕೂದಲಿದ್ದವರಿಗೆ ಇನ್ನಷ್ಟು ಅನುಕೂಲ. ಕಪ್ಪು ಕೂದಲಿನ ಕೆಳಗೆ ಚರ್ಮ ಬಿಳಿಯಾಗಿದ್ದಷ್ಟೂ ಸಂದಿ ಎದ್ದು ಕಾಣುತ್ತದೆ. ನಮ್ಮ ಕಂದು ಚರ್ಮ ಈ ವಿಷಯದಲ್ಲಿ ಉಪಕಾರಿಯೇ.

ಕಾಪು ಟು ದುಬೈ ಬರೆದರು:

ನನ್ನ ಅನುಭವ ಬೇರೆಯೇ ಇದೆ. ದುಬೈಯಲ್ಲಿದ್ದಾಗ ಅಲ್ಲಿಂದಲೇ ಇಸ್ತಾಂಬುಲಿಗೆ ಹೋಗಿ ಒಂದೇ ದಿನದಲ್ಲಿ 4000ಕ್ಕೂ ಹೆಚ್ಚು ಹಾಕಿಸಿಕೊಂಡೆ. ಮುಂದಲೆಯಲ್ಲಿ ಚದರ ಸೆಂಟಿಮೀಟರಿಗೆ 50ಕ್ಕಿಂತ ಮೇಲೆ ಹಾಕಿದ್ದಾಗಿ ಹೇಳಿದರು. ಎರಡು ವರ್ಷವಾಯಿತು, ಮುಂದಿನಿಂದ ನೋಡಿದವರು ಯಾರೂ ಕಸಿ ಎನ್ನಲಾರರು. ಹೆಚ್ಚು ಹಾಕಿದರೆ ತಪ್ಪೇನು ಎಂದು ನನಗೆ ತಿಳಿಯುತ್ತಿಲ್ಲ. ಹಿಂತಲೆಯನ್ನು ಮೊದಲಿನಂತೆ ಚಿಕ್ಕದಾಗಿ ಕತ್ತರಿಸುವ ಹಾಗಿಲ್ಲ ಎಂಬುದೊಂದೇ ಕೊರತೆ. ಕತ್ತರಿಸಿದರೆ ನುಸಿ ತಿಂದ ಉಣ್ಣೆಬಟ್ಟೆಯಂತೆ ಅಲ್ಲಲ್ಲಿ ಚುಕ್ಕಿ ಕಾಣುತ್ತದೆ. ಅಂದಹಾಗೆ, ನನ್ನ ಕೂದಲು ಹೋದದ್ದೇ ಗಲ್ಫಿನ ನೀರಿನಿಂದ. ಬಿಜೈಯವರು ಮೊದಲು ಬಾವಿ ನೀರಿನಲ್ಲಿ ತಲೆ ತೊಳೆಯಲು ಆರಂಭಿಸಲಿ.

ಚರ್ಮವಿಭಾಗ ಬರೆದರು:

ಕಾಪುವಿನವರೇ, ತಮ್ಮ ಮುಂದಲೆ ಚೆನ್ನಾಗಿ ಬಂದಿರುವುದು ಸಂತೋಷ. ಆದರೆ ‘ಒಂದೇ ಕೊರತೆ’ ಎಂದು ತಾವು ಕೊನೆಗೆ ಹೇಳಿದ್ದೇ ಈ ಚರ್ಚೆಯ ತಿರುಳು.

ನೀರಿನ ಮಾತನ್ನು ಮೊದಲು ಮುಗಿಸುತ್ತೇನೆ. ಗಡಸು ನೀರು ಕೂದಲನ್ನು ಒರಟಾಗಿಸಬಹುದು, ತುಂಡಾಗಿಸಬಹುದು. ಆದರೆ ಹಣೆಯ ಮೂಲೆ ಮತ್ತು ನೆತ್ತಿಯನ್ನು ಮಾತ್ರ ಆರಿಸಿಕೊಂಡು ಕಿವಿಯ ಮೇಲಿನ ಕೂದಲನ್ನು ಬಿಟ್ಟುಬಿಡುವ ನೀರು ಯಾವ ದೇಶದಲ್ಲೂ ಇಲ್ಲ. ಈ ವಿನ್ಯಾಸದ ಉದುರುವಿಕೆಗೆ ಕಾರಣ ಆನುವಂಶಿಕತೆ ಮತ್ತು ಡಿಹೈಡ್ರೊಟೆಸ್ಟೊಸ್ಟೆರಾನ್ ಎಂಬ ಪುರುಷ ಹಾರ್ಮೋನು. ಊರು ಬಿಟ್ಟು ಗಲ್ಫಿಗೆ ಹೋಗುವ ವಯಸ್ಸೂ ಕೂದಲು ಉದುರಲು ತೊಡಗುವ ವಯಸ್ಸೂ ಒಂದೇ ಆಗಿರುವುದರಿಂದ ಅಪವಾದ ನೀರಿನ ಮೇಲೆ ಬಂದಿದೆ.

ಈಗ ಹಿಂತಲೆ. ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ತತ್ತ್ವದ ಪ್ರಕಾರ, ಕಸಿ ಮಾಡಿದ ಕೂದಲು ತಾನು ಹುಟ್ಟಿದ ಜಾಗದ ಗುಣವನ್ನೇ ಉಳಿಸಿಕೊಳ್ಳುತ್ತದೆ. ಹಿಂತಲೆಯ ಗಟ್ಟಿ ಕೂದಲನ್ನು ಮುಂದಲೆಯಲ್ಲಿ ನೆಟ್ಟರೂ ಅದು ಉದುರದೆ ಉಳಿಯುವುದು ಇದೇ ಕಾರಣಕ್ಕೆ. ಇದರ ಇನ್ನೊಂದು ಮುಖವನ್ನು ಜಾಹೀರಾತುಗಳು ಹೇಳುವುದಿಲ್ಲ: ಹಿಂತಲೆಯಲ್ಲಿ ಕೂದಲು ಉದುರದೆ ಉಳಿಯುವ ‘ಸುರಕ್ಷಿತ ಪಟ್ಟಿ’ಯ ಹೊರಗಿನಿಂದ, ಅಂದರೆ ತೀರ ಮೇಲಿನಿಂದ ಅಥವಾ ಕುತ್ತಿಗೆಯ ಬುಡದಿಂದ ಕಿತ್ತ ಕೂದಲು, ಮುಂದೊಂದು ದಿನ ಅಲ್ಲಿ ಉದುರಬೇಕಾಗಿದ್ದಂತೆ ಇಲ್ಲಿಯೂ ಉದುರುತ್ತದೆ. ದೊಡ್ಡ ಸಂಖ್ಯೆ ಹೊಂದಿಸುವ ಆತುರದಲ್ಲಿ ಆ ಗಡಿ ದಾಟುವುದುಂಟು.

ಗಡಿಯ ಒಳಗಿನ ಸಂಗ್ರಹವೂ ಅಕ್ಷಯಪಾತ್ರೆಯಲ್ಲ. ಸುರಕ್ಷಿತ ಪಟ್ಟಿ ಸುಮಾರು 170 ಚದರ ಸೆಂಟಿಮೀಟರ್, ದಟ್ಟಣೆ 70 ಎಂದು ಹಿಡಿದರೆ ಒಟ್ಟು 11,900 ಗುಂಪುಗಳು. ಹಿಂತಲೆ ತೆಳುವಾಗಿ ಕಾಣಬಾರದೆಂದರೆ ಅದರಲ್ಲಿ ಶೇ. 40ರಷ್ಟನ್ನು ಬಿಡಿಬಿಡಿಯಾಗಿ ಆರಿಸಿ ತೆಗೆಯಬಹುದು: ಜೀವಮಾನಕ್ಕೆಲ್ಲ 4,760. ಕಿತ್ತ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. ಒಂದೇ ದಿನ 4000 ತೆಗೆದವರಿಗೆ ಮುಂದೆ ಉಳಿದದ್ದೆಷ್ಟು ಎಂಬುದನ್ನು ತಾವೇ ಕಳೆದು ನೋಡಬಹುದು. 31ರ ವಯಸ್ಸಿನಲ್ಲಿ ನಾಲ್ಕನೆಯ ಹಂತದಲ್ಲಿರುವವರು 45ಕ್ಕೆ ಆರನೆಯ ಹಂತ ತಲುಪುವ ಸಾಧ್ಯತೆಯನ್ನು ಇಟ್ಟುಕೊಂಡೇ ಇಂದಿನ ಯೋಜನೆ ಹಾಕಬೇಕು.

ಮಲ್ಪೆಯಿಂದ ಬರೆದರು:

ಇಷ್ಟು ದಿನ ಓದಿ ಸುಮ್ಮನಿದ್ದವನು ಇಂದು ಬರೆಯುತ್ತಿದ್ದೇನೆ, ಏಕೆಂದರೆ ಮೊದಲನೆಯ ಕ್ಲಿನಿಕ್ಕಿನವರ ಮಾತು ನನಗೆ ಚಿರಪರಿಚಿತ. ನಾನು 25ನೆಯ ವಯಸ್ಸಿನಲ್ಲಿ, ಊರು ಹೇಳಲಿಚ್ಛಿಸದ ಒಂದು ಕಡೆ, ನೆತ್ತಿಗೆ 1500 ಗ್ರಾಫ್ಟ್ ಹಾಕಿಸಿಕೊಂಡೆ. ಆಗ ನೆತ್ತಿಯ ಬೋಳು ಒಂದು ಉದ್ದಿನ ವಡೆಯಷ್ಟಿತ್ತು. ಒಂದೂವರೆ ವರ್ಷದಲ್ಲಿ ಅದು ಚೆನ್ನಾಗಿಯೇ ತುಂಬಿತು, ಮದುವೆಯ ಫೋಟೋಗಳಲ್ಲಿ ಯಾವ ದೋಷವೂ ಇಲ್ಲ. ಔಷಧ ಮುಂದುವರಿಸಬೇಕೆಂದು ಯಾರೂ ಒತ್ತಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ನನಗೆ 38. ನೆಟ್ಟ ಕೂದಲು ನೆಟ್ಟಲ್ಲೇ ಇದೆ, ಅದರ ಸುತ್ತಲಿದ್ದ ನನ್ನ ಸ್ವಂತ ಕೂದಲು ವರ್ಷ ವರ್ಷವೂ ಹಿಂದೆ ಸರಿಯುತ್ತ ಹೋಗಿದೆ. ಮಲ್ಪೆಯಿಂದ ದೋಣಿಯಲ್ಲಿ ಹೋದವರು ಸೇಂಟ್ ಮೇರೀಸ್ ದ್ವೀಪ ನೋಡಿರುತ್ತಾರೆ: ನಡುವೆ ತೆಂಗಿನ ಮರಗಳ ಗುಂಪು, ಸುತ್ತ ಬರಿಯ ಬಂಡೆ. ನನ್ನ ಭಾವ ನನ್ನ ನೆತ್ತಿಗೆ ಇಟ್ಟ ಹೆಸರು ಅದೇ.

ಈಗ ಆ ಉಂಗುರವನ್ನು ತುಂಬಬೇಕಾದರೆ ಬೇಕಾಗುವ ಗ್ರಾಫ್ಟ್ ಮೊದಲಿಗಿಂತ ಹೆಚ್ಚು, ಮತ್ತು ಅದಕ್ಕೆ ಬಳಸಿದರೆ ಮುಂದಲೆಗೆ ಏನೂ ಉಳಿಯುವುದಿಲ್ಲ. ಕನ್ನಡಿಯಲ್ಲಿ ನನಗೆ ಕಾಣುವುದು, ಎದುರಿಗೆ ಕೂತವರಿಗೆ ಕಾಣುವುದು ಮುಂದಲೆ. ನೆತ್ತಿಯನ್ನು ನೋಡುವುದು ನಮ್ಮ ಹಿಂದೆ ಬಸ್ಸಿನಲ್ಲಿ ನಿಂತವರು ಮಾತ್ರ.

ಬಿಜೈಯವನು ಬರೆದರು:

ಅಳತೆ ಮಾಡಿದೆವು. ತಂಗಿ ಮೂರು ಸಲ ಗುರುತಿಸಿದಳು, ಸರಾಸರಿ ತೆಗೆದೆವು: ಮುಂದಲೆ 62 ಚದರ ಸೆಂಟಿಮೀಟರ್, ನೆತ್ತಿ 74. ನೆತ್ತಿಯೇ ದೊಡ್ಡದೆಂದು ನನಗೆ ಇವತ್ತಿನವರೆಗೂ ತಿಳಿದಿರಲಿಲ್ಲ.

ಕಡಲತಡಿ ಬರೆದರು:

ಹಾಗಾದರೆ ಲೆಕ್ಕ ಸುಲಭ. ಎರಡೂ ಸೇರಿ 136. ಮೊದಲನೆಯವರ 3500ನ್ನು ಸಮವಾಗಿ ಹಂಚಿದರೆ ಚದರ ಸೆಂಟಿಮೀಟರಿಗೆ 25.7, ಎರಡನೆಯವರ 2200ನ್ನು 62ಕ್ಕೆ ಹಂಚಿದರೆ 35.5. ಅಂದರೆ ‘ಹೆಚ್ಚು’ ಕೊಡುವವರಲ್ಲಿ ಮುಂದಲೆ ತೆಳುವಾಗುತ್ತದೆ. ಅವರು ಮುಂದಲೆಗೂ 2200 ಕೊಡುತ್ತೇವೆ ಎಂದರೆ ನೆತ್ತಿಗೆ ಉಳಿಯುವುದು 1300, ಅದನ್ನು 74ಕ್ಕೆ ಹಂಚಿದರೆ 17 ಅಥವಾ 18. ತಲೆಯ ಮೇಲಿನ ಬಲ್ಬಿನ ಬೆಳಕಿನಲ್ಲಿ ಅದು ಕೂದಲಿನ ನೆರಳಷ್ಟೇ. ಮಳೆಯಲ್ಲಿ ನೆನೆದರೆ, ಎಣ್ಣೆ ಹಚ್ಚಿದರೆ, ಹೆಲ್ಮೆಟ್ಟಿನ ಒಳಗೆ ಬೆವರಿದರೆ ಅದೂ ಇಲ್ಲ. ನಮ್ಮ ಕರಾವಳಿಯಲ್ಲಿ ಇವು ಮೂರೂ ಇಲ್ಲದ ದಿನ ಯಾವುದು?

ನೆತ್ತಿ ಇಷ್ಟು ನುಂಗುವುದೇಕೆಂದರೆ ಸುಳಿಯ ಕಾರಣದಿಂದ. ಮುಂದಲೆಯ ಕೂದಲು ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಒರಗಿ ಕೂರುತ್ತದೆ, ಮುಂದಿನ ಸಾಲು ಹಿಂದಿನ ಸಾಲಿನ ಸಂದಿಯನ್ನು ಮುಚ್ಚುತ್ತದೆ. ಸುಳಿಯಲ್ಲಿ ಕೂದಲು ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಹೊರಟುಹೋಗುವುದರಿಂದ ಆ ನಡುಬಿಂದುವನ್ನು ಮುಚ್ಚುವವರೇ ಇರುವುದಿಲ್ಲ.

ಇನ್ನು 62 ಚದರ ಸೆಂಟಿಮೀಟರಿಗೂ 35.5ನ್ನೇ ಸಮನಾಗಿ ಎರಚುವುದು ಒಳ್ಳೆಯ ಕೆಲಸವಲ್ಲ. ಹಂಚಿಕೆ ಎಂಬ ಮಾತು ಬರುವುದೇ ಇಲ್ಲಿ. ನಾನು ನನ್ನ ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರಿಂದ ಕಲಿತ ರೀತಿಯಲ್ಲಿ ತಮ್ಮದನ್ನು ಹಂಚಿ ನೋಡುತ್ತೇನೆ. ಹಣೆಯ ಕೂದಲಂಚು ಸುಮಾರು 14 ಸೆಂಟಿಮೀಟರ್ ಉದ್ದ. ಅದರ ಮೊದಲ ಅರ್ಧ ಸೆಂಟಿಮೀಟರಿನ ಪಟ್ಟಿ 7 ಚದರ ಸೆಂಟಿಮೀಟರ್. ಇಲ್ಲಿ ಒಂಟಿ ಕೂದಲಿನ ಗ್ರಾಫ್ಟ್ ಮಾತ್ರ, ಚದರ ಸೆಂಟಿಮೀಟರಿಗೆ 40ರಂತೆ 280. ಅದರ ಹಿಂದೆ ನಟ್ಟನಡುವಿನ 18 ಚದರ ಸೆಂಟಿಮೀಟರ್, ಎದುರಿಗೆ ನಿಂತವರ ಕಣ್ಣು ನೇರವಾಗಿ ಬೀಳುವ ಜಾಗ. ಅಲ್ಲಿ ಎರಡು ಮೂರು ಕೂದಲಿನ ಗ್ರಾಫ್ಟ್‌ಗಳು, 45ರಂತೆ 810. ಉಳಿದ 37ಕ್ಕೆ 30ರಂತೆ 1110, ಹಿಂದೆ ಸರಿದಂತೆ ವಿರಳವಾಗುತ್ತ ಹಳೆಯ ಕೂದಲಿನೊಳಗೆ ಸೇರಿಹೋಗಬೇಕು. ಕೂಡಿಸಿದರೆ ಸರಿಯಾಗಿ 2200. ಎರಡನೆಯ ವೈದ್ಯರು ಇಂಥದೇ ಲೆಕ್ಕ ಹಾಕಿರಬೇಕೆಂಬ ಅನುಮಾನ ನನಗಿದೆ.

ಕಾರ್ಕಳದ ಕೃಷಿಕ ಬರೆದರು:

ಅಡಿಕೆಯ ಹೋಲಿಕೆ ಬಂದದ್ದರಿಂದ ಮಧ್ಯೆ ಬಾಯಿ ಹಾಕುತ್ತೇನೆ. ನನ್ನ ತಮ್ಮನ ಕೂದಲಂಚು ಮೇಲಿನಿಂದ ತೆಗೆದ ಅಡಿಕೆ ತೋಟದ ಚಿತ್ರದಂತಿದೆ: ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದ ಸಾಲುಗಳು. ತೋಟಕ್ಕೆ ಒಂಬತ್ತು ಅಡಿಯ ಅಂತರದ ನೇರ ಸಾಲು ಶೋಭೆ, ಹಣೆಗೆ ಅಲ್ಲ. ದಟ್ಟಣೆ ಸಾಕಷ್ಟಿದ್ದರೂ ನೋಡಿದ ಕೂಡಲೇ ನೆಟ್ಟದ್ದೆಂದು ತಿಳಿಯುತ್ತದೆ ಮಾರಾಯ್ರೆ. ನನ್ನ ಪ್ರಶ್ನೆ ಬೇರೆ: ಹತ್ತಿರ ಹತ್ತಿರ ನೆಟ್ಟರೆ ಅಡಿಕೆಗೆ ಬಿಸಿಲು ಗೊಬ್ಬರ ಸಾಲುವುದಿಲ್ಲ. ಕೂದಲಿಗೂ ಹಾಗೆಯೇ ಏನಾದರೂ ಉಂಟೇ, ಅಥವಾ 60 ಹಾಕಿದರೂ ಬದುಕುತ್ತದೆಯೇ?

ಚರ್ಮವಿಭಾಗ ಬರೆದರು:

ಉಂಟು. ಕಿತ್ತ ಗ್ರಾಫ್ಟಿಗೆ ಮೊದಲ ಕೆಲವು ದಿನ ಸ್ವಂತ ರಕ್ತನಾಳ ಇರುವುದಿಲ್ಲ. ಸುತ್ತಲಿನ ಅಂಗಾಂಶದಿಂದ ಒಸರುವ ಆಮ್ಲಜನಕದಲ್ಲೇ ಅದು ಜೀವ ಹಿಡಿದುಕೊಂಡಿರಬೇಕು, ಆಮೇಲೆ ಹೊಸ ರಕ್ತನಾಳಗಳು ಬೆಸೆದುಕೊಳ್ಳುತ್ತವೆ. ಗ್ರಾಫ್ಟ್ ಕೂರಿಸಲು ಚರ್ಮದಲ್ಲಿ ಮಾಡುವ ಸೀಳುಗಳನ್ನು ಒತ್ತೊತ್ತಾಗಿ ಮಾಡಿದಷ್ಟೂ ಆ ಜಾಗದ ಸೂಕ್ಷ್ಮ ರಕ್ತನಾಳಗಳು ಕತ್ತರಿಸಿಹೋಗುತ್ತವೆ. ಧೂಮಪಾನ ಮಾಡುವವರಲ್ಲಿ, ಮಧುಮೇಹ ಹಿಡಿತದಲ್ಲಿಲ್ಲದವರಲ್ಲಿ, ಹಳೆಯ ಗಾಯದ ಕಲೆಯ ಮೇಲೆ ಅತಿ ದಟ್ಟವಾಗಿ ನೆಟ್ಟರೆ ಚರ್ಮವೇ ಕಪ್ಪಾಗಿ ಸಾಯುವ ಅಪಾಯವೂ ಇದೆ. ಅಪರೂಪವಾದರೂ ಅದರ ಕಲೆ ಹೋಗುವಂಥದ್ದಲ್ಲ. ಇನ್ನೊಂದು ತೊಂದರೆ ಬರಿಯ ಯಾಂತ್ರಿಕವಾದುದು: ಒಂದನ್ನು ಒಳಗೆ ತಳ್ಳಿದಾಗ ಪಕ್ಕದ್ದು ಮೇಲಕ್ಕೆ ಹಾರಿ ಬರುತ್ತದೆ. ಅದನ್ನು ಮತ್ತೆ ಒತ್ತುವುದು, ಮತ್ತೆ ಹಾರುವುದು, ಈ ನಡುವೆ ಬೇರಿಗೆ ಪೆಟ್ಟಾಗುವುದು. ನುರಿತ ಕೈಯಿದ್ದರೆ, ಸೀಳು ಚಿಕ್ಕದಿದ್ದರೆ 50ರವರೆಗೆ ಹೋಗುವುದುಂಟು, ಕಾಪುವಿನವರಿಗೆ ಹಾಗೆ ಆಗಿರಬಹುದು. ಆದರೆ ನೆಟ್ಟ 60ರಲ್ಲಿ 35 ಬದುಕಿದರೆ ಲಾಭವೇನು? ಹಿಂತಲೆಯಿಂದ ಹೋದದ್ದು ಮಾತ್ರ 60.

ತಮ್ಮ ತಮ್ಮನವರ ಸಾಲಿನ ಬಗ್ಗೆ: ಸಹಜ ಕೂದಲಂಚು ಹತ್ತಿರದಿಂದ ನೋಡಿದರೆ ಗೆರೆಯೇ ಅಲ್ಲ, ಏರುತಗ್ಗಿನ ಅಂಚು; ಅದರ ಮುಂದೆ ಅಲ್ಲೊಂದು ಇಲ್ಲೊಂದು ಒಂಟಿ ಕೂದಲು ಹೊರಗೆ ನಿಂತಿರುತ್ತದೆ. ಹಳೆಯ ಕಾಲದಲ್ಲಿ 4 ಮಿಲಿಮೀಟರ್ ಅಗಲದ ತುಂಡುಗಳನ್ನು ನೆಡುತ್ತಿದ್ದರು, ಗೊಂಬೆಯ ತಲೆಯಂತೆ ಕುಚ್ಚು ಕುಚ್ಚಾಗಿ ಕಾಣುತ್ತಿತ್ತು. ಹೆಡಿಂಗ್ಟನ್ 1984ರಲ್ಲಿ ಸಹಜ ಗುಂಪುಗಳನ್ನು ವಿವರಿಸಿದ ಮೇಲೆ, 1990ರ ದಶಕದಲ್ಲಿ ಆ ಗುಂಪುಗಳನ್ನೇ ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ನೆಡುವ ಪದ್ಧತಿ ನೆಲೆಗೊಂಡಿತು.

ಬಡಗುತಿಟ್ಟು ಬರೆದರು:

ನಾನು ಹವ್ಯಾಸಿ ಯಕ್ಷಗಾನ ವೇಷಧಾರಿ. ವರ್ಷಗಟ್ಟಲೆ ಬಿಗಿದು ಕಟ್ಟಿದ ಬಟ್ಟೆಯಿಂದಲೋ ಏನೋ, ಕಿವಿಯ ಮೇಲ್ಭಾಗದ ಕೆನ್ನೆಮೂಲೆಯಲ್ಲಿ ಕೂದಲು ಹೋಗಿದೆ. ಅಲ್ಲಿಗೂ ಮುಂದಲೆಯ ದಟ್ಟಣೆಯಲ್ಲೇ ಹಾಕುತ್ತಾರೆಯೇ?

ಚರ್ಮವಿಭಾಗ ಬರೆದರು:

ಇಲ್ಲ. ಅಲ್ಲಿ ವಿರಳವಾಗಿ, ಒಂಟಿ ಸಣ್ಣ ಕೂದಲುಗಳನ್ನು, ಚರ್ಮಕ್ಕೆ ಬಹುತೇಕ ಅಂಟಿದಂತೆ ಮಲಗಿಸಿ, ತುದಿ ಕೆಳಗೆ ಹಿಂದಕ್ಕೆ ಬರುವಂತೆ ನೆಡಬೇಕು. ಕೋನ ತಪ್ಪಿದರೆ ಕಡಿಮೆ ದಟ್ಟಣೆಯೂ ಮುಳ್ಳಿನಂತೆ ಎದ್ದು ನಿಲ್ಲುತ್ತದೆ. ಕಟ್ಟಿನ ಬಿಗಿತ ಹಾಗೆಯೇ ಮುಂದುವರಿದರೆ ಹೊಸದಾಗಿ ನೆಟ್ಟದ್ದಕ್ಕೂ ಅದೇ ಗತಿಯಾದೀತು, ಆದ್ದರಿಂದ ಮೊದಲು ಕಟ್ಟುವ ಕ್ರಮ ಬದಲಾಗಬೇಕು.

ಹಸಿರು ನಿಲುವಂಗಿ ಬರೆದರು:

ನಾನು ಕೆಲವು ವರ್ಷ ಇಂಥ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಸಹಾಯಕಿಯಾಗಿದ್ದವಳು. ಮೇಲಿನ ಲೆಕ್ಕಗಳೆಲ್ಲ ಕಾಗದದ ಮೇಲೆ ಸರಿ, ಆದರೆ ಅದು ತಲೆಯ ಮೇಲೆ ಇಳಿಯುವುದು ನಮ್ಮಂಥವರ ಚಿಮುಟದಿಂದ. ಭತ್ತದ ನೇಜಿ ಕಿತ್ತು ಬದುವಿನ ಮೇಲೆ ಒಣಗಲು ಬಿಟ್ಟರೆ ಏನಾಗುತ್ತದೋ ಗ್ರಾಫ್ಟಿಗೂ ಅದೇ ಆಗುತ್ತದೆ. ತಂಪಾದ ಸಲೈನಿನಲ್ಲಿ ಮುಳುಗಿರಬೇಕು, ಬೆರಳ ಮೇಲೆ ಇಟ್ಟುಕೊಂಡು ಹರಟೆ ಹೊಡೆಯುವಂತಿಲ್ಲ. ಒಂದು, ಎರಡು, ಮೂರು ಕೂದಲಿನವನ್ನು ಬೇರೆ ಬೇರೆ ತಟ್ಟೆಯಲ್ಲಿಟ್ಟು ಎಣಿಸಿ ಬರೆದಿಡುವುದು ಒಳ್ಳೆಯ ಕಡೆಗಳ ರೂಢಿ. ಆ ಎಣಿಕೆಯ ಪ್ರತಿ ಕೊಡಿ ಎಂದು ಬಿಜೈಯವರು ಮುಂಚಿತವಾಗಿಯೇ ಕೇಳಲಿ, ಕೊಡಲು ಹಿಂದೆಮುಂದೆ ನೋಡುವಲ್ಲಿಗೆ ಹೋಗಬೇಡಿ. ಸೀಳುಗಳನ್ನು ಮಾಡುವವರು ಯಾರೆಂದೂ ಕೇಳಬೇಕು, ಏಕೆಂದರೆ ದಟ್ಟಣೆ, ಕೋನ, ದಿಕ್ಕು ಮೂರೂ ನಿರ್ಧಾರವಾಗುವುದು ಆ ಸೀಳಿನಲ್ಲಿ, ನಾವು ತುಂಬುವವರಷ್ಟೇ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ತರಬೇತಿ ಪಡೆದ ವೈದ್ಯರೇ ಈ ಶಸ್ತ್ರಚಿಕಿತ್ಸೆ ಮಾಡಬೇಕೆನ್ನುತ್ತದೆ.

ಬಿಜೈಯವನು ಬರೆದರು:

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಎರಡೂ ಕಡೆಗೆ ಹಾಳೆ ಹಿಡಿದುಕೊಂಡು ಹೋಗಿದ್ದೆ. ಮೊದಲನೆಯ ಕಡೆ ವಿಸ್ತೀರ್ಣ ಕೇಳಿದಾಗ, ಅದೆಲ್ಲ ಆ ದಿನ ನೋಡಿಕೊಳ್ಳೋಣ, ಈ ವಾರ ಮುಂಗಡ ಕೊಟ್ಟರೆ 500 ಗ್ರಾಫ್ಟ್ ಉಚಿತ ಎಂದರು. ನನ್ನದೇ ಹಿಂತಲೆಯ 500ನ್ನು ನನಗೆ ಉಚಿತವಾಗಿ ಕೊಡುವುದು ಹೇಗೆಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಎರಡನೆಯ ವೈದ್ಯರು ಹಾಳೆ ನೋಡಿ ನಕ್ಕರು, ಆಮೇಲೆ ತಮ್ಮ ಅಳತೆಯನ್ನೂ ತೆಗೆದು ತೋರಿಸಿದರು; ಮುಂದಲೆ 60 ಚದರ ಸೆಂಟಿಮೀಟರ್ ಬಂದಿತ್ತು. ಹಿಂತಲೆಯ ದಟ್ಟಣೆ 68. ಮುಂದಲೆಯ ಹಿಂಬದಿಯಲ್ಲಿ ಬೋಳೆಂದು ನಾವು ಗುರುತಿಸಿದಲ್ಲಿ ಇನ್ನೂ ಸಣಕಲು ಕೂದಲುಗಳು ಜೀವಂತ ಇವೆಯೆಂದೂ, ಅವುಗಳ ನಡುವೆ ಒತ್ತಾಗಿ ಸೀಳಿದರೆ ಆ ಆಘಾತಕ್ಕೆ ಅವೇ ಉದುರಬಹುದೆಂದೂ ಹೇಳಿ, ಸಂಖ್ಯೆಯನ್ನು 1900ಕ್ಕೆ ಇಳಿಸಿದರು. ಮೊತ್ತವೂ ಇಳಿಯಿತು. ಕೂದಲಂಚನ್ನು ನಾನು ಕೇಳಿದ್ದಕ್ಕಿಂತ ಒಂದು ಸೆಂಟಿಮೀಟರ್ ಮೇಲೆಯೇ ಬರೆದರು, ಮೂಲೆಗಳನ್ನು ಪೂರ್ತಿ ಮುಚ್ಚಲು ಒಪ್ಪಲಿಲ್ಲ. 50ನೆಯ ವಯಸ್ಸಿನ ಮುಖಕ್ಕೆ 18ರ ಹಣೆ ಹೊಂದುವುದಿಲ್ಲವಂತೆ.

ನೆತ್ತಿಗೆ ಫಿನಾಸ್ಟೆರೈಡ್ ಮತ್ತು ಮಿನಾಕ್ಸಿಡಿಲ್ ಎಂಬ ಔಷಧಗಳನ್ನು ಬರೆದುಕೊಟ್ಟಿದ್ದಾರೆ, ಮೊದಲನೆಯದರ ಅಡ್ಡಪರಿಣಾಮಗಳನ್ನು, ಲೈಂಗಿಕ ಆಸಕ್ತಿ ಕುಗ್ಗಬಹುದೆಂಬುದನ್ನೂ ಸೇರಿಸಿ, ಬಿಡಿಸಿ ಹೇಳಿದರು. ಮುಂದಲೆಯ ಕಸಿ ಮಳೆಗಾಲ ಮುಗಿದ ಮೇಲೆ. ನೆಟ್ಟದ್ದು ಮೊದಲು ಉದುರಿ, ಮೂರು ನಾಲ್ಕು ತಿಂಗಳ ಮೇಲೆ ಚಿಗುರಿ, ವರ್ಷವಾದಾಗ ನಿಜವಾದ ದಟ್ಟಣೆ ತಿಳಿಯುತ್ತದೆ ಎಂದಿದ್ದಾರೆ. ಅಮ್ಮ ಇನ್ನೂ ಮುನ್ನೂರು ಕಡಿಮೆಯಾದುದರ ಬಗ್ಗೆಯೇ ಕೇಳುತ್ತಿದ್ದಾರೆ. ನೆತ್ತಿಯ ಪ್ಲಾಸ್ಟಿಕ್ ಹಾಳೆಯ ಮೇಲೆ ತಂಗಿ ದಿನಾಂಕ ಬರೆದು ಕಪಾಟಿನಲ್ಲಿಟ್ಟಿದ್ದಾಳೆ. ಒಂದು ವರ್ಷದ ಔಷಧದ ನಂತರ ಅದೇ ಹಾಳೆಯನ್ನು ಮತ್ತೆ ತಲೆಯ ಮೇಲಿಟ್ಟು, ಗೆರೆ ಒಳಗೆ ಬಂದಿದೆಯೋ ಹೊರಗೆ ಹೋಗಿದೆಯೋ ನೋಡಿ ಇಲ್ಲಿಯೇ ಬರೆಯುತ್ತೇನೆ.